ಹಲ್ಲು ಬರುವ ಹೊತ್ತಿನಲ್ಲಿ ದಡಾರದ ಲಸಿಕೆ ಹಾಕಿಸಬಹುದೇ?

ಪ್ರಶ್ನೆ — ಚಿಗುರುಹಲ್ಲು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ತಿಂಗಳು ತುಂಬಿ ಮೂರು ವಾರ ಕಳೆಯಿತು. ಈ ವಯಸ್ಸಿಗೆ ಹಾಕಿಸಬೇಕಾದ ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು ನಾವಿನ್ನೂ ಹಾಕಿಸಿಲ್ಲ, ಏಕೆಂದರೆ ಅವಳಿಗೆ ಮೇಲಿನ ಹಲ್ಲುಗಳು ಬರುತ್ತಿವೆ. ಕೆಳಗಿನ ಎರಡು ಹಲ್ಲುಗಳು ಏಳನೆಯ ತಿಂಗಳಿನಲ್ಲಿ ಬಂದವು. ಮೊದಲನೆಯದು ಬಂದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ತಿನ್ನಿಸುವಾಗ ಚಮಚಕ್ಕೆ ಏನೋ ತಾಗಿ ಟಿಣ್ ಎಂದಾಗಲೇ ತಿಳಿದದ್ದು. ಈಗ ಮೇಲಿನ ವಸಡು ಉಬ್ಬಿಕೊಂಡಿದೆ, ಜೊಲ್ಲು ಸುರಿದು ಗದ್ದವೆಲ್ಲ ಕೆಂಪಾಗಿದೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ರಾತ್ರಿ ಎರಡು ಮೂರು ಸಲ ಎದ್ದು ರಚ್ಚೆ ಹಿಡಿಯುತ್ತಾಳೆ.

ಎರಡು ವಾರಗಳ ಹಿಂದೆ ಎರಡು ದಿನ 38.6 ಡಿಗ್ರಿ ಸೆಲ್ಸಿಯಸ್‌ವರೆಗೆ ಜ್ವರ ಬಂದು, ಜೊತೆಗೆ ದಿನಕ್ಕೆ ಐದಾರು ಸಲ ನೀರಾಗಿ ಭೇದಿಯೂ ಆಯಿತು. ನಮ್ಮ ಅತ್ತೆಯವರು ನಾಲ್ಕು ಮಕ್ಕಳನ್ನು ಸಾಕಿ ಬೆಳೆಸಿದವರು. ‘ಹಲ್ಲು ಬರುವಾಗ ಜ್ವರ, ಭೇದಿ ಇದ್ದದ್ದೇ. ಅದರ ಮೇಲೆ ಚುಚ್ಚುಮದ್ದನ್ನೂ ಹಾಕಿಸಿದರೆ ಮಗು ತಡೆದುಕೊಳ್ಳುವುದಿಲ್ಲ. ಹಲ್ಲು ಹೊರಗೆ ಬರಲಿ, ಆಮೇಲೆ ನೋಡೋಣ’ ಎಂದರು. ಅವರ ಮಾತನ್ನು ತೆಗೆದುಹಾಕುವ ಧೈರ್ಯ ನನಗಾಗಲಿಲ್ಲ, ಪೂರ್ತಿ ಒಪ್ಪಿಕೊಳ್ಳುವ ಮನಸ್ಸೂ ಬರಲಿಲ್ಲ. ಜ್ವರ ಮತ್ತು ಭೇದಿ ತಾವಾಗಿಯೇ ನಿಂತು ಹತ್ತು ದಿನಗಳಾದವು. ಹಲ್ಲು ಮಾತ್ರ ಇನ್ನೂ ಬಂದಿಲ್ಲ.

ಆ ಜ್ವರ ನಿಜವಾಗಿಯೂ ಹಲ್ಲಿನಿಂದ ಬಂದದ್ದೇ? ವಸಡು ಹೀಗಿರುವಾಗಲೇ ಲಸಿಕೆ ಹಾಕಿಸಬಹುದೇ? ಹಾಕಿಸಿದ ಮೇಲೆ ಮತ್ತೆ ಜ್ವರ ಬಂದರೆ ಅದು ಲಸಿಕೆಯದೋ ಹಲ್ಲಿನದೋ ಎಂದು ಗುರುತಿಸುವುದು ಹೇಗೆ? ವಸಡಿಗೆ ಹಚ್ಚುವ ಜೆಲ್ ಒಂದನ್ನು ಪರಿಚಯದವರೊಬ್ಬರು ತಂದುಕೊಟ್ಟಿದ್ದಾರೆ, ಅದನ್ನು ಬಳಸಬಹುದೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ವಿನಂತಿ.

ಉತ್ತರ 1 — ಶಿಶುವೈದ್ಯೆ

ನೇರವಾಗಿ ಹೇಳುವುದಾದರೆ, ಲಸಿಕೆ ಹಾಕಿಸಿ, ಹಲ್ಲಿಗಾಗಿ ಕಾಯಬೇಡಿ. ದಡಾರದ ಲಸಿಕೆಯನ್ನು ಕೊಡದಿರಲು ಅಥವಾ ಮುಂದೂಡಲು ಇರುವ ಕಾರಣಗಳು ಕೆಲವೇ. ಅದೇ ಲಸಿಕೆಗೆ ಅಥವಾ ಅದರಲ್ಲಿರುವ ಯಾವುದಾದರೂ ಅಂಶಕ್ಕೆ ಹಿಂದೆ ತೀವ್ರ ಅಲರ್ಜಿಯಾಗಿದ್ದರೆ ಕೊಡುವುದಿಲ್ಲ. ಇದು ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿರುವ ಮಕ್ಕಳಿಗೂ ಕೊಡುವುದಿಲ್ಲ. ಮಗು ಆ ದಿನ ಗಂಭೀರವಾಗಿ ಕಾಯಿಲೆ ಬಿದ್ದಿದ್ದರೆ ಚೇತರಿಸಿಕೊಳ್ಳಲಿ ಎಂದು ಕೆಲವು ದಿನ ತಡೆಯುತ್ತೇವೆ. ನೆಗಡಿ, ಸಣ್ಣ ಜ್ವರ, ಅಲ್ಪಸ್ವಲ್ಪ ಭೇದಿ ಇವು ಮುಂದೂಡಲು ಕಾರಣಗಳಲ್ಲ, ಹಲ್ಲು ಬರುವುದಂತೂ ಕಾಯಿಲೆಯೇ ಅಲ್ಲ. ಹಾಲುಹಲ್ಲುಗಳು ಒಟ್ಟು 20. ಮೊದಲನೆಯದು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಕಾಣಿಸಿಕೊಂಡರೆ ಕೊನೆಯದು ಬರುವ ಹೊತ್ತಿಗೆ ಎರಡೂವರೆಯಿಂದ ಮೂರು ವರ್ಷವಾಗಿರುತ್ತದೆ. ಪ್ರತಿ ಹಲ್ಲಿಗೂ ಕಾಯುತ್ತ ಕುಳಿತರೆ ಮಗುವಿಗೆ ಎರಡು ವರ್ಷ ದಾಟುವವರೆಗೆ ಯಾವ ಲಸಿಕೆಗೂ ಮುಹೂರ್ತ ಕೂಡಿಬರುವುದಿಲ್ಲ.

ಇನ್ನು ಎರಡು ವಾರಗಳ ಹಿಂದಿನ ಜ್ವರದ ವಿಚಾರ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮತ್ತು ಅದಕ್ಕಿಂತ ಹೆಚ್ಚಿನದನ್ನು ನಾವು ಜ್ವರ ಎಂದು ಕರೆಯುತ್ತೇವೆ. ಹಲ್ಲು ಬರುವಾಗ ಮೈ ಕೊಂಚ ಬಿಸಿಯಾಗಬಹುದು, ಆದರೆ ಆ ಗಡಿಯನ್ನು ದಾಟುವುದಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 125 ಮಕ್ಕಳ ತಂದೆತಾಯಂದಿರು ತಮ್ಮ ಮಗುವಿನ ಮೈ ಶಾಖವನ್ನು ದಿನಕ್ಕೆರಡು ಸಲ ಅಳೆದು, 18 ಬಗೆಯ ಲಕ್ಷಣಗಳಲ್ಲಿ ಅಂದು ಯಾವುದಿತ್ತು ಯಾವುದಿರಲಿಲ್ಲ ಎಂದು ಪ್ರತಿದಿನ ಬರೆದಿಟ್ಟರು. 475 ಹಲ್ಲುಗಳು ಮೂಡಿದ ಈ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಹಲ್ಲು ಹೊರಬರುವ ನಾಲ್ಕು ದಿನ ಮೊದಲಿನಿಂದ ಮೂರು ದಿನಗಳ ನಂತರದವರೆಗೆ ಕಚ್ಚುವುದು, ಜೊಲ್ಲು, ವಸಡು ಉಜ್ಜಿಕೊಳ್ಳುವುದು, ಕಿರಿಕಿರಿ, ನಿದ್ದೆಗೆಡುವುದು, ಮುಖದ ಮೇಲೆ ಗುಳ್ಳೆ, ಗಟ್ಟಿ ಆಹಾರ ಬೇಡವೆನ್ನುವುದು ಇವು ಸ್ವಲ್ಪ ಹೆಚ್ಚಾಗಿ ಕಂಡುಬಂದವು. ಹಾಗೆ ಕಂಡುಬಂದದ್ದೂ ಎಲ್ಲ ಮಕ್ಕಳಲ್ಲಲ್ಲ, ಯಾವ ಒಂದು ಲಕ್ಷಣವೂ 35 ಶೇಕಡಕ್ಕಿಂತ ಹೆಚ್ಚು ಮಕ್ಕಳಲ್ಲಿ ಇರಲಿಲ್ಲ. ಭೇದಿ, ಕೆಮ್ಮು, ಮೂಗು ಕಟ್ಟುವುದು, ಹೆಚ್ಚಿನ ಜ್ವರ ಇವುಗಳಿಗೂ ಹಲ್ಲಿಗೂ ಸಂಬಂಧ ಸಿಗಲಿಲ್ಲ. ನಿಮ್ಮ ಮಗಳಿಗೆ ಅಂದು ಬಂದದ್ದು ಬಹುಮಟ್ಟಿಗೆ ಹೊಟ್ಟೆಗೆ ತಗುಲಿದ ಒಂದು ವೈರಾಣು ಸೋಂಕು.

ಹಾಗಾದರೆ ಎಲ್ಲರ ಮನೆಯಲ್ಲೂ ಜ್ವರ, ಭೇದಿಗಳು ಹಲ್ಲಿನ ಜೊತೆಯಲ್ಲೇ ಏಕೆ ಬರುತ್ತವೆ ಎಂದು ನೀವು ಕೇಳಬಹುದು. ತಾಯಿಯ ಗರ್ಭದಲ್ಲಿದ್ದಾಗ ಮಗುವಿಗೆ ಹರಿದುಬಂದ ಪ್ರತಿಕಾಯಗಳು ಹುಟ್ಟಿದ ಮೇಲೆ ತಿಂಗಳು ತಿಂಗಳಿಗೆ ಕರಗುತ್ತ ಬಂದು, ಆರು ತಿಂಗಳ ಹೊತ್ತಿಗೆ ತೀರಾ ಕಡಿಮೆಯಾಗುತ್ತವೆ. ಅದೇ ಸಮಯಕ್ಕೆ ಮಗು ಅಂಬೆಗಾಲಿಡಲು ಕಲಿತು, ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ, ಹೊಸ ಜನರ ಕೈಯಿಂದ ಕೈಗೆ ಹೋಗುತ್ತದೆ. ಮೊದಲ ಹಲ್ಲು ಮೂಡುವುದೂ ಆಗಲೇ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕಿದಂತೆ, ಸೋಂಕು ತಂದ ಜ್ವರವನ್ನು ನಾವು ಹಲ್ಲಿನ ತಲೆಗೆ ಕಟ್ಟುತ್ತೇವೆ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಇಟ್ಟಿರುವುದರ ಹಿಂದೆಯೂ ಇದೇ ಲೆಕ್ಕಾಚಾರವಿದೆ. ತುಂಬ ಬೇಗ ಕೊಟ್ಟರೆ ತಾಯಿಯ ಪ್ರತಿಕಾಯಗಳು ಲಸಿಕೆಯ ವೈರಾಣುವನ್ನೇ ತಡೆದುಬಿಡುತ್ತವೆ, ತಡಮಾಡಿದರೆ ಆ ರಕ್ಷಣೆ ಕರಗಿದ ಮಗು ನಿಜವಾದ ದಡಾರಕ್ಕೆ ಬರಿಮೈಯಲ್ಲಿ ಎದುರಾಗುತ್ತದೆ. ಒಬ್ಬ ದಡಾರ ರೋಗಿ ಲಸಿಕೆ ಪಡೆಯದ ಜನರ ನಡುವೆ 12ರಿಂದ 18 ಮಂದಿಗೆ ಅದನ್ನು ಹರಡಬಲ್ಲ. ಆದ್ದರಿಂದ ಮೂರು ವಾರದ ವಿಳಂಬವನ್ನು ಇನ್ನಷ್ಟು ಬೆಳೆಸುವುದು ಬೇಡ. ಈವರೆಗೆ ತಡವಾದದ್ದಕ್ಕೆ ಚಿಂತಿಸಬೇಡಿ. ತಡವಾಯಿತೆಂದು ಹಿಂದಿನ ಯಾವ ಲಸಿಕೆಯನ್ನೂ ಮೊದಲಿನಿಂದ ಹಾಕಿಸಬೇಕಾಗಿಲ್ಲ.

ಉತ್ತರ 2 — ದಿನಚರಿಯ ಅಪ್ಪ

ನಾನು ವೈದ್ಯನಲ್ಲ, ಲೆಕ್ಕಪತ್ರ ನೋಡಿಕೊಳ್ಳುವವನು. ಮಗ ಹುಟ್ಟಿದಾಗ ವೃತ್ತಿಯ ಚಟ ಬಿಡಲಾಗದೆ ಅವನ ಹೆಸರಿನಲ್ಲೂ ಒಂದು ಪುಸ್ತಕ ತೆರೆದೆ. ಎಡಗಡೆಯ ಅಂಕಣದಲ್ಲಿ ಹಲ್ಲು ಕಂಡ ದಿನ, ಬಲಗಡೆಯ ಅಂಕಣದಲ್ಲಿ ಥರ್ಮಾಮೀಟರ್ ತೋರಿಸಿದ ಅಂಕಿ. ಎರಡು ವರ್ಷವಾದ ಮೇಲೆ ನನ್ನ ಹೆಂಡತಿಯನ್ನು ‘ಇವನಿಗೆ ಹಲ್ಲು ಬರುವಾಗ ಜ್ವರ ಬರುತ್ತಿತ್ತೇ?’ ಎಂದು ಕೇಳಿದೆ. ‘ಪ್ರತಿ ಸಲವೂ’ ಎಂದಳು. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಪುಸ್ತಕ ತೆರೆದು ನೋಡಿದರೆ, 16 ಹಲ್ಲುಗಳಲ್ಲಿ ಜ್ವರದ ಜೊತೆ ಬಂದದ್ದು ಎರಡೇ, ಆ ಎರಡು ಸಲವೂ ಮನೆಯಲ್ಲಿ ನಮ್ಮೆಲ್ಲರಿಗೂ ನೆಗಡಿ ಹಿಡಿದಿತ್ತು. ಜ್ವರವಿಲ್ಲದೆ ಬಂದ 14 ಹಲ್ಲುಗಳು ನಮ್ಮಿಬ್ಬರ ನೆನಪಿನಲ್ಲಿ ಉಳಿದೇ ಇರಲಿಲ್ಲ.

ಒಂದು ಸಣ್ಣ ಗುಣಾಕಾರ ಮಾಡಿ ನೋಡಿ. ಮೇಲಿನ ಉತ್ತರದಲ್ಲಿ ಹೇಳಿದಂತೆ ಒಂದೊಂದು ಹಲ್ಲಿಗೂ ಎಂಟು ದಿನಗಳ ಅವಧಿ ಎಂದಿಟ್ಟುಕೊಂಡರೆ 20 ಹಲ್ಲುಗಳಿಗೆ 160 ದಿನಗಳಾಗುತ್ತವೆ. ಜೋಡಿಯಾಗಿ ಬರುವ ಹಲ್ಲುಗಳ ದಿನಗಳು ಒಂದರ ಮೇಲೊಂದು ಬೀಳುವುದರಿಂದ ಸ್ವಲ್ಪ ಕಳೆಯಿರಿ. ಆರು ತಿಂಗಳಿನಿಂದ ಎರಡೂವರೆ ವರ್ಷದವರೆಗಿನ ಸುಮಾರು 730 ದಿನಗಳಲ್ಲಿ ಇದು ಐದನೆಯ ಒಂದು ಪಾಲಿಗೆ ಹತ್ತಿರ. ಅಂದರೆ ಹಲ್ಲಿಗೂ ಜ್ವರಕ್ಕೂ ಯಾವ ನಂಟೂ ಇಲ್ಲದಿದ್ದರೂ ಪ್ರತಿ ಐದಾರು ಜ್ವರಗಳಲ್ಲಿ ಒಂದು ಹಲ್ಲಿನ ದಿನಗಳ ಒಳಗೇ ಬೀಳುತ್ತದೆ. ಆ ಒಂದೇ ಸಾಕು, ನಂಬಿಕೆ ಗಟ್ಟಿಯಾಗುವುದಕ್ಕೆ.

ನನ್ನ ಪುಸ್ತಕದ ಕಥೆಯನ್ನೇ ಹೆಚ್ಚು ಅಚ್ಚುಕಟ್ಟಾಗಿ ಮಾಡಿದವರಿದ್ದಾರೆಂದು ಆಮೇಲೆ ಓದಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಶಿಶುಪಾಲನಾ ಕೇಂದ್ರಗಳಲ್ಲಿ 21 ಮಕ್ಕಳ ಬಾಯಿಯನ್ನು ಪರಿಣತರು ದಿನದಿನವೂ ಪರೀಕ್ಷಿಸಿ, 90 ಹಲ್ಲುಗಳು ಮೂಡಿದ ದಿನಗಳನ್ನು ಉಳಿದ ದಿನಗಳೊಂದಿಗೆ ಹೋಲಿಸಿದರು. ಜ್ವರ, ಭೇದಿ ಮಾತ್ರವಲ್ಲ, ಜೊಲ್ಲು, ನಿದ್ದೆ, ಮನಃಸ್ಥಿತಿ ಯಾವುದರಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದೂ 2000ರಲ್ಲೇ ಪ್ರಕಟವಾಯಿತು. ಕೊನೆಯಲ್ಲಿ ಕೇಳಿದಾಗ ಆ ಮಕ್ಕಳ ತಂದೆತಾಯಂದಿರೆಲ್ಲರೂ ತಮ್ಮ ಮಗುವಿಗೆ ಹಲ್ಲು ಬರುವಾಗ ತೊಂದರೆಯಾಗಿತ್ತು ಎಂದೇ ಹೇಳಿದರಂತೆ. ನಾನೂ ನನ್ನ ಹೆಂಡತಿಯೂ ಅಲ್ಲಿದ್ದಿದ್ದರೆ ನಾವೂ ಅದನ್ನೇ ಹೇಳುತ್ತಿದ್ದೆವು.

ಉತ್ತರ 3 — ಹಿರಿಯಜ್ಜಿ

ಮೂರು ಮಕ್ಕಳನ್ನೂ ಐದು ಮೊಮ್ಮಕ್ಕಳನ್ನೂ ಕೈಯಾರೆ ಸಾಕಿದ ನನಗೆ ಈ ಉತ್ತರಗಳಲ್ಲಿ ಒಂದು ಮಾತು ಸರಿಕಾಣಲಿಲ್ಲ. ಹಲ್ಲು ಬರುವ ಮಗುವಿನ ಸಂಕಟವನ್ನು ರಾತ್ರಿಯಿಡೀ ಹೆಗಲ ಮೇಲೆ ಹಾಕಿಕೊಂಡು ಓಡಾಡಿದವರಿಗೆ ಅದು ಕಾಗೆ, ಕೊಂಬೆಯ ಮಾತಾಗಿ ಕಾಣುವುದಿಲ್ಲ. ವಸಡು ಊದಿಕೊಂಡಿರುವುದು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಗಲುತ್ತದೆ. ಅಷ್ಟು ಗಟ್ಟಿಯಾದದ್ದು ಒಳಗಿನಿಂದ ಸೀಳಿಕೊಂಡು ಬರುವಾಗ ಮೈಗೆ ಏನೂ ಆಗುವುದಿಲ್ಲವೆಂದರೆ ಹೇಗೆ ನಂಬುವುದು? ನನ್ನ ಎರಡನೆಯ ಮಗನಿಗೆ ಚುಚ್ಚುಮದ್ದು ಹಾಕಿಸಿದ ರಾತ್ರಿ ಜ್ವರ ಬಂತು, ಮೂರನೆಯ ದಿನ ಹಲ್ಲು ಕಂಡಿತು. ಆಗ ಚುಚ್ಚುಮದ್ದೇ ಹಲ್ಲನ್ನು ಹೊರಡಿಸಿತು ಎಂದು ನಾವೆಲ್ಲ ಮಾತಾಡಿಕೊಂಡೆವು. ಲಸಿಕೆಯನ್ನು ನಾನು ವಿರೋಧಿಸುವುದಿಲ್ಲ, ನನ್ನ ಮಕ್ಕಳಿಗೆ ಒಂದನ್ನೂ ತಪ್ಪಿಸಿಲ್ಲ. ಮಗುವಿಗೆ ಒಟ್ಟೊಟ್ಟಿಗೆ ಎರಡು ಹೊರೆ ಬೇಡವೆಂದು ಆ ತಾಯಿಯ ಅತ್ತೆಯವರು ಹೇಳಿದ್ದರಲ್ಲಿ ಮಮತೆಯೇ ಹೊರತು ಮೌಢ್ಯವಿಲ್ಲ ಎಂಬುದನ್ನಷ್ಟೇ ಹೇಳಬೇಕೆನಿಸಿತು.

ಉತ್ತರ 4 — ಶಿಶುವೈದ್ಯೆ

ಹಿರಿಯಜ್ಜಿಯವರಿಗೆ ನಮಸ್ಕಾರ. ಸಂಕಟ ಸುಳ್ಳೆಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ವಸಡಿನ ನೋವು, ಕಿರಿಕಿರಿ, ನಿದ್ದೆಗೇಡು ಹಲ್ಲಿನವೇ ಇರಬಹುದು. ಆದರೆ ಹಲ್ಲು ಚಾಕುವಿನಂತೆ ಮಾಂಸವನ್ನು ಸೀಳಿಕೊಂಡು ಬರುವುದಿಲ್ಲ. ಅದು ಮೇಲೇರುವ ದಾರಿಯಲ್ಲಿರುವ ಮೂಳೆಯನ್ನೂ ವಸಡಿನ ಅಂಗಾಂಶವನ್ನೂ ದೇಹವೇ ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಎಡೆ ಮಾಡಿಕೊಡುತ್ತದೆ. ಇದು ವಾರಗಟ್ಟಲೆ ನಡೆಯುವ ನಿಧಾನದ ಕೆಲಸ, ಒಂದು ಚುಚ್ಚುಮದ್ದು ಮೂರು ದಿನಗಳಲ್ಲಿ ಹಲ್ಲನ್ನು ಹೊರಡಿಸಲಾರದು. ನಿಮ್ಮ ಮಗನ ಆ ರಾತ್ರಿಯ ಜ್ವರ ಲಸಿಕೆಯದು, ಮೂರನೆಯ ದಿನದ ಹಲ್ಲು ಹಲವು ವಾರಗಳ ಹಿಂದೆಯೇ ಹೊರಟಿದ್ದದ್ದು. ಜೊಲ್ಲಿನದೂ ಇಂಥದ್ದೇ ಕಥೆ. ಎರಡು ಮೂರು ತಿಂಗಳಿನಲ್ಲಿ ಜೊಲ್ಲು ಹೆಚ್ಚು ಸ್ರವಿಸತೊಡಗುತ್ತದೆ, ಅದನ್ನು ನುಂಗುವ ಹದ ಮಗುವಿಗೆ ಇನ್ನೂ ಬಂದಿರುವುದಿಲ್ಲ. ‘ಹಲ್ಲು ಬರುತ್ತಿದೆ’ ಎಂದು ಮನೆಯವರು ನಾಲ್ಕು ತಿಂಗಳು ಕಾದ ಮೇಲೆ ಹಲ್ಲು ಬರುತ್ತದೆ.

ನಾನು ಈ ವಿಷಯದಲ್ಲಿ ಸ್ವಲ್ಪ ಗಡಸಾಗಿ ಮಾತಾಡಿದ್ದರೆ ಅದಕ್ಕೆ ಕಾರಣವಿದೆ. ಜ್ವರ ಹಲ್ಲಿನದು ಎಂದು ತೀರ್ಮಾನಿಸಿದ ಮನೆಯಲ್ಲಿ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಮೂತ್ರನಾಳದ ಸೋಂಕಿಗೆ ಈ ವಯಸ್ಸಿನಲ್ಲಿ ಜ್ವರವೊಂದನ್ನು ಬಿಟ್ಟು ಬೇರೆ ಗುರುತೇ ಇಲ್ಲದಿರಬಹುದು. ಕಿವಿಯ ಸೋಂಕಾದ ಮಗುವೂ ಕಿವಿ ಎಳೆದುಕೊಂಡು ಅಳುತ್ತದೆ. ಬಾಯಿಗೆ ತಗುಲುವ ಹರ್ಪಿಸ್ ಸೋಂಕಿನಲ್ಲಿ ವಸಡು ಕೆಂಪಗೆ ಊದಿಕೊಂಡು, ಜೊಲ್ಲು ಸುರಿದು, ಮಗು ಏನನ್ನೂ ತಿನ್ನದಾಗುತ್ತದೆ. ಅದರಲ್ಲಿ ನಾಲಿಗೆ, ತುಟಿ, ವಸಡಿನ ಮೇಲೆ ಸಣ್ಣ ಸಣ್ಣ ಹುಣ್ಣುಗಳಿರುತ್ತವೆ, ಹಲ್ಲಿನಿಂದ ಹಾಗೆ ಹುಣ್ಣಾಗುವುದಿಲ್ಲ. ಭೇದಿಯನ್ನು ಹಲ್ಲಿನದೆಂದು ಬಿಟ್ಟುಬಿಟ್ಟಾಗ ಮಗುವಿನ ಮೈಯ ನೀರು ಇಳಿದುಹೋಗುವುದೇ ದೊಡ್ಡ ಅಪಾಯ. ಬಾಯಿ ಒಣಗಿದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮೂತ್ರ ಕಡಿಮೆಯಾದರೆ, ನೆತ್ತಿ ತಗ್ಗಿದಂತೆ ಕಂಡರೆ, ಮಗು ಮಂಕಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಜ್ವರ ಬಂದರೆ ಬೇರೆ ಯಾವ ಲಕ್ಷಣವೂ ಇಲ್ಲದಿದ್ದರೂ ಅದೇ ದಿನ ತೋರಿಸಬೇಕು.

ಚಿಗುರುಹಲ್ಲು ಅವರ ಮೂರನೆಯ ಪ್ರಶ್ನೆ ಉಳಿದಿತ್ತು. ಲಸಿಕೆಯ ಜ್ವರಕ್ಕೆ ಒಂದು ವೇಳಾಪಟ್ಟಿ ಇದೆ. ನಾಯಿಕೆಮ್ಮು, ಧನುರ್ವಾಯು ಮುಂತಾದವುಗಳ ಲಸಿಕೆಯಲ್ಲಿ ಜೀವಂತ ರೋಗಾಣು ಇರುವುದಿಲ್ಲವಾದ್ದರಿಂದ ಜ್ವರ ಬರುವುದಿದ್ದರೆ ಸಾಮಾನ್ಯವಾಗಿ ಅದೇ ದಿನ ಇಲ್ಲವೇ ಮರುದಿನ ಬಂದು, ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ದಡಾರದ ಲಸಿಕೆಯ ವೈರಾಣು ಮೈಯೊಳಗೆ ಮೊದಲು ವೃದ್ಧಿಯಾಗಬೇಕು. ಆದ್ದರಿಂದ ಜ್ವರ ಒಂದು ವಾರ ತಡವಾಗಿ, ಹೆಚ್ಚುಕಡಿಮೆ 5ರಿಂದ 12 ದಿನಗಳ ನಡುವೆ, 100ರಲ್ಲಿ 5ರಿಂದ 15 ಮಕ್ಕಳಿಗೆ ಬರುತ್ತದೆ, ಕೆಲವರಿಗೆ ಮೈಮೇಲೆ ಸಣ್ಣ ಗಂಧೆಯೂ ಏಳುತ್ತದೆ. ಅಷ್ಟರಲ್ಲಿ ಚುಚ್ಚುಮದ್ದಿನ ನೆನಪು ಮಾಸಿರುವುದರಿಂದ ತಪ್ಪು ಹಲ್ಲಿನ ಮೇಲೆ ಹೋಗುವುದು ಸುಲಭ. ಆ ಅವಧಿಯಲ್ಲಿ ಬಂದದ್ದೆಲ್ಲ ಲಸಿಕೆಯದೇ ಎಂದೂ ಭಾವಿಸಬೇಡಿ. ಜ್ವರ ಎರಡು ಮೂರು ದಿನಗಳಾದರೂ ಇಳಿಯದಿದ್ದರೆ ಅಥವಾ ಮಗು ಕಾಯಿಲೆ ಬಿದ್ದಂತೆ ಕಂಡರೆ ತೋರಿಸಿ.

ಜ್ವರ ಬರುವ ಮೊದಲೇ ಮುಂಜಾಗ್ರತೆಗೆಂದು ಪ್ಯಾರಾಸಿಟಮಾಲ್ ಕುಡಿಸಿ ಕರೆತರುವವರಿದ್ದಾರೆ. ವೈದ್ಯರು ನಿರ್ದಿಷ್ಟವಾಗಿ ಹೇಳದ ಹೊರತು ಅದು ಬೇಡ. ಚೆಕ್ ಗಣರಾಜ್ಯದಲ್ಲಿ 459 ಶಿಶುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಗೆ ಮುಂಚಿತವಾಗಿ ಔಷಧ ಕೊಟ್ಟ ಮಕ್ಕಳಲ್ಲಿ ಜ್ವರವೇನೋ ಕಡಿಮೆಯಾಯಿತು, ಹಲವು ಲಸಿಕೆಗಳಿಗೆ ಹುಟ್ಟುವ ಪ್ರತಿಕಾಯಗಳ ಪ್ರಮಾಣವೂ ಕಡಿಮೆಯಾಯಿತು. ಜ್ವರ ಬಂದು ಮಗು ನರಳುತ್ತಿದ್ದರೆ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಕೊಡಬಹುದು. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಕೊಡಲೇಬಾರದು.

ಉತ್ತರ 5 — ದಂತವೈದ್ಯ

ಜೆಲ್‌ನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅದರ ಕೊಳವೆಯ ಮೇಲಿನ ಸಣ್ಣಕ್ಷರಗಳನ್ನು ಓದಿ ನೋಡಿ. ಬೆಂಜೊಕೇಯ್ನ್ ಎಂದಿದ್ದರೆ ಬಳಸಬೇಡಿ. ರಕ್ತವು ಆಮ್ಲಜನಕವನ್ನು ಹೊತ್ತೊಯ್ಯುವ ಶಕ್ತಿಯನ್ನೇ ಅದು ಅಪರೂಪಕ್ಕೊಮ್ಮೆ ಕುಗ್ಗಿಸಿಬಿಡುತ್ತದೆ, ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಹಚ್ಚಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2011ರಲ್ಲೇ ಎಚ್ಚರಿಸಿ, 2018ರಲ್ಲಿ ಇನ್ನಷ್ಟು ಬಿಗಿಯಾಗಿ ಹೇಳಿತು. ಲಿಡೊಕೇಯ್ನ್ ಇರುವ ದ್ರವದ ಬಗ್ಗೆ 2014ರಲ್ಲಿ ಎಚ್ಚರಿಕೆ ಬಂತು. ಅದನ್ನು ಮಗು ನುಂಗಿದರೆ ಫಿಟ್ಸ್ ಬರಬಹುದು, ಹೃದಯಕ್ಕೂ ತೊಂದರೆಯಾಗಬಹುದು. ಇಷ್ಟೆಲ್ಲ ಅಪಾಯ ಒಪ್ಪಿಕೊಂಡು ಹಚ್ಚಿದರೂ ಜೊಲ್ಲು ಅದನ್ನು ಕೆಲವೇ ನಿಮಿಷಗಳಲ್ಲಿ ತೊಳೆದುಬಿಡುತ್ತದೆ. ಹಲ್ಲಿನ ನೋವಿಗೆಂದು ಕುತ್ತಿಗೆಗೆ ಕಟ್ಟುವ ಮಣಿಸರಗಳೂ ಬೇಡ, ಬಿಗಿದು ಉಸಿರು ಕಟ್ಟುವ ಅಪಾಯವಿದೆ.

ತೊಳೆದ ಬೆರಳಿನಿಂದ ವಸಡನ್ನು ಮೆಲ್ಲಗೆ ಉಜ್ಜಿ. ಫ್ರಿಜ್‌ನಲ್ಲಿಟ್ಟು ತಣ್ಣಗಾಗಿಸಿದ ಶುಚಿಯಾದ ಒದ್ದೆ ಬಟ್ಟೆಯನ್ನೋ ಗಟ್ಟಿ ರಬ್ಬರಿನ ಆಟಿಕೆಯನ್ನೋ ಕಣ್ಣೆದುರಿನಲ್ಲಿ ಕಚ್ಚಲು ಕೊಡಿ. ಆಟಿಕೆಯನ್ನು ಫ್ರೀಜರ್‌ನಲ್ಲಿಟ್ಟು ಕಲ್ಲಾಗಿಸಬೇಡಿ, ವಸಡಿಗೆ ಪೆಟ್ಟಾಗುತ್ತದೆ. ಗದ್ದವನ್ನು ಆಗಾಗ ಒರೆಸಿ ಒಣಗಿಸಿದರೆ ಕೆಂಪು ಇಳಿಯುತ್ತದೆ. ಹಲ್ಲು ಬರುವ ಜಾಗದಲ್ಲಿ ನೀಲಿ ಬಣ್ಣದ ಗುಳ್ಳೆಯಂಥ ಉಬ್ಬು ಕಂಡರೂ ಗಾಬರಿ ಬೇಡ, ಸಾಮಾನ್ಯವಾಗಿ ಹಲ್ಲು ಮೂಡಿದೊಡನೆ ಅದು ತಾನಾಗಿ ಒಡೆದುಹೋಗುತ್ತದೆ.

ಹಿರಿಯಜ್ಜಿಯವರ ಮಾತಿಗೆ ಒಂದನ್ನು ಸೇರಿಸುತ್ತೇನೆ: ಹಲ್ಲನ್ನು ದೂಷಿಸಿದವರು ಮನೆಯ ಹಿರಿಯರಷ್ಟೇ ಅಲ್ಲ, ನಮ್ಮ ವೃತ್ತಿಯವರು ಅವರಿಗಿಂತ ಹೆಚ್ಚು ದೂಷಿಸಿದ್ದಾರೆ. 1839ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ‘ಹಲ್ಲು ಹುಟ್ಟುವಿಕೆ’ಯಿಂದ ಸತ್ತವರೆಂದು 5,016 ಮಕ್ಕಳನ್ನು ಸರ್ಕಾರಿ ದಾಖಲೆಗೆ ಸೇರಿಸಲಾಯಿತು. ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಸ್ ಪಾರೆ 16ನೆಯ ಶತಮಾನದಲ್ಲಿ ಹಲ್ಲಿಗೆ ದಾರಿ ಮಾಡಿಕೊಡಲು ವಸಡನ್ನು ಕೊಯ್ಯುವ ಪದ್ಧತಿ ಹೇಳಿಕೊಟ್ಟ, ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ವೈದ್ಯರು ಅದನ್ನೇ ಪಾಲಿಸಿದರು. 20ನೆಯ ಶತಮಾನದ ಮಧ್ಯದವರೆಗೂ ಹಲ್ಲು ಬರುವ ಮಕ್ಕಳಿಗೆ ಕೊಡುತ್ತಿದ್ದ ಪುಡಿಗಳಲ್ಲಿ ಪಾದರಸದ ಲವಣವಿತ್ತು. ಅಂಗೈ, ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ, ಬೆಳಕನ್ನು ಸಹಿಸಲಾರದೆ ಮಕ್ಕಳು ನರಳುತ್ತಿದ್ದ ‘ಗುಲಾಬಿ ರೋಗ’ಕ್ಕೆ ಆ ಪಾದರಸವೇ ಕಾರಣವೆಂದು 1940ರ ದಶಕದಲ್ಲಿ ತಿಳಿದುಬಂತು. ಬ್ರಿಟನ್ನಿನಲ್ಲಿ ಪುಡಿಯಿಂದ ಪಾದರಸವನ್ನು ತೆಗೆದ ಮೇಲೆ ರೋಗವೂ ಬಹುತೇಕ ಮಾಯವಾಯಿತು.

ಚಿಗುರುಹಲ್ಲು

ಎಲ್ಲರಿಗೂ ಕೃತಜ್ಞತೆಗಳು. ಹಿರಿಯಜ್ಜಿಯವರ ಮಾತನ್ನೂ ಅದಕ್ಕೆ ಬಂದ ಉತ್ತರವನ್ನೂ ಅತ್ತೆಯವರಿಗೆ ಓದಿ ಹೇಳಿದೆ. ಪೂರ್ತಿ ಒಪ್ಪಿದರೆಂದು ಹೇಳಲಾರೆ. ‘ಲಸಿಕೆ ಹಾಕಿಸುವ ದಿನ ನಾನೂ ಬರುತ್ತೇನೆ’ ಎಂದರು, ಬಂದರು ಕೂಡ. ಮಗಳ ಮೈ ಶಾಖ ನೋಡಿ, ಹಿಂದಿನ ಲಸಿಕೆಗಳಿಗೆ ಏನಾದರೂ ತೊಂದರೆಯಾಗಿತ್ತೇ ಎಂದು ವಿಚಾರಿಸಿ, ಲಸಿಕೆ ಹಾಕಿದರು. ಉಬ್ಬಿದ ವಸಡನ್ನು ನಾನೇ ತೋರಿಸಿದಾಗ ಅಲ್ಲಿದ್ದ ನರ್ಸ್ ನಕ್ಕು, ಈ ವಯಸ್ಸಿನಲ್ಲಿ ಬರುವ ಮಕ್ಕಳೆಲ್ಲರ ವಸಡೂ ಹೀಗೇ ಇರುತ್ತದೆ ಎಂದರು. ಜೆಲ್‌ನಲ್ಲಿ ಬೆಂಜೊಕೇಯ್ನ್ ಇತ್ತು, ಎಸೆದೆ.

ಎಂಟನೆಯ ದಿನ ಸಂಜೆ 38.3 ಡಿಗ್ರಿ ಜ್ವರ ಬಂತು, ಹತ್ತನೆಯ ದಿನ ಬೆಳಗ್ಗೆ ಇಳಿಯಿತು. ಹಲ್ಲು ಆಗಲೂ ಬಂದಿರಲಿಲ್ಲ. ನಿನ್ನೆ ಅತ್ತೆಯವರೇ ತಿನ್ನಿಸುವಾಗ ಚಮಚಕ್ಕೆ ಮೇಲಿನಿಂದ ಏನೋ ತಾಗಿತಂತೆ. ಜ್ವರ ಇರಲಿಲ್ಲ. ಇನ್ನೊಂದೇ ಸಂದೇಹ: ಒಂಬತ್ತು ತಿಂಗಳಿಗೆ ಹಾಕಿಸಿದ ಮೇಲೆ ದಡಾರಕ್ಕೆ ಮತ್ತೊಂದು ಡೋಸ್ ಏಕೆ ಬೇಕು?

ಶಿಶುವೈದ್ಯೆ

ಒಂಬತ್ತು ತಿಂಗಳಲ್ಲಿ ಕೊಟ್ಟಾಗ ಸುಮಾರು 85 ಶೇಕಡ ಮಕ್ಕಳಲ್ಲಿ ಮಾತ್ರ ರಕ್ಷಣೆ ಬೆಳೆಯುತ್ತದೆ, ಏಕೆಂದರೆ ಕೆಲವರಲ್ಲಿ ತಾಯಿಯ ಪ್ರತಿಕಾಯಗಳು ಆಗಲೂ ಸ್ವಲ್ಪ ಉಳಿದಿರುತ್ತವೆ. ಮೊದಲನೆಯದು ಹಿಡಿಯದ ಮಕ್ಕಳನ್ನೂ ಎರಡನೆಯ ಡೋಸ್ ಒಳಗೊಳ್ಳುತ್ತದೆ. ಕಾರ್ಡಿನಲ್ಲಿ ಬರೆದಿರುವ ದಿನಕ್ಕೇ ಕರೆದುಕೊಂಡು ಹೋಗಿ. ಆ ಹೊತ್ತಿಗೆ ದವಡೆಹಲ್ಲುಗಳು ಬರುತ್ತಿರುತ್ತವೆ.